ಹಂಚಿ ಮಲಗಿದ ಹಾಸಿಗೆ

ಪನ್ನೀರು ಮಹಲಿನ ಬಗ್ಗೆ ಒಳ್ಳೆಯ ಮಾತು ಹೇಳಬೇಕೆಂದರೆ ಮೊದಲು ಅಲ್ಲಿಯ ಕಾಫಿಯ ಬಗ್ಗೆ ಹೇಳಬೇಕು. ಹಿತ್ತಾಳೆಯ ಲೋಟದಲ್ಲಿ, ನೊರೆ ಇಳಿಯುವ ಮೊದಲೇ ತಂದು ಕೈಗೆ ಕೊಡುತ್ತಾರೆ. ಉಳಿದದ್ದರ ಬಗ್ಗೆ ನಾನು ಅಷ್ಟು ಧಾರಾಳವಾಗಿ ಮಾತಾಡಲಾರೆ. ಅರ್ಧ ಆಯುಷ್ಯ ಖಾನಾವಳಿ ನಡೆಸಿದವಳು ನಾನು. ಬೇರೆಯವರ ರೊಟ್ಟಿ ಮುಟ್ಟಿದ ಕೂಡಲೇ ಅವರ ಒಲೆಯ ಹಣೆಬರಹ ನನಗೆ ತಿಳಿಯುತ್ತದೆ. ಅಲ್ಲಿಯ ರೊಟ್ಟಿ ನಡುವೆ ಸುಟ್ಟಿತ್ತು, ಅಂಚಿನಲ್ಲಿ ಹಸಿಯಿತ್ತು. ಬಿಸಿನೀರಿಗಾಗಿ ಕೂಗಿ ಕೂಗಿ ಗಂಟಲು ಒಣಗಿದ ಮೇಲೆ ಬಕೆಟ್ಟು ಬರುತ್ತಿತ್ತು, ಅದೂ ಉಗುರು ಬೆಚ್ಚಗೆ. ಬದನೆಕಾಯಿ ಪಲ್ಯ ಮಾತ್ರ ಚೆನ್ನಾಗಿತ್ತು, ಇಲ್ಲವೆಂದರೆ ಪಾಪ ಬಂದೀತು.

ಕಟ್ಟಡ ಹಳೆಯದು. ಪೇಟೆಯ ನಟ್ಟನಡುವೆ, ಹೂವಿನ ಅಂಗಡಿಗಳ ಎದುರಿಗಿದೆ. ಸಾಗುವಾನಿಯ ಮೆಟ್ಟಿಲು, ಅದರ ಕೈಹಿಡಿಕೆಯ ತುದಿಯಲ್ಲಿ ಮೂಗು ಸವೆದ ಸಿಂಹ, ಗೋಡೆಗೆ ಆಳೆತ್ತರದ ಕನ್ನಡಿಗಳು. ಕನ್ನಡಿಗಳ ತುಂಬ ಕಪ್ಪು ಚುಕ್ಕೆ ಬಿದ್ದು ಅವುಗಳಲ್ಲಿ ಯಾರ ಮುಖ ನೋಡಿದರೂ ಸಿಡುಬು ಎದ್ದಂತೆ ಕಾಣುತ್ತಿತ್ತು. ಕೆಳಗಿನ ಪಡಸಾಲೆಯಲ್ಲಿ ಯಾವುದೋ ಕಾಲದ ಮಹಾರಾಜರು ಮಲಗಿದ್ದ ಹಾಸಿಗೆಯನ್ನು ಗಾಜಿನ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದಾರೆ. ಹಿಂದೊಮ್ಮೆ ಒಬ್ಬ ಗುಮಾಸ್ತ ಕದ್ದು ಅದರಲ್ಲಿ ಮಲಗಿ, ಎದ್ದವನೇ ಕಂಡಕಂಡವರಿಗೆ ಅಪ್ಪಣೆ ಕೊಡತೊಡಗಿದನಂತೆ. ಅದು ಅವನಿಂದ ಇಳಿಯುವ ಹೊತ್ತಿಗೆ ಹೆಂಡತಿ ತವರಿಗೆ ಹೋಗಿಬಿಟ್ಟಿದ್ದಳಂತೆ.

ಆ ಊರಿನಲ್ಲಿ ಹಾಗೆ. ಹತ್ತಿಯ ಹಾಸಿಗೆಯ ಮೇಲೆ ಮಲಗಿದವರ ಮನಸ್ಸು ಹಾಸಿಗೆಯಲ್ಲೇ ಉಳಿಯುತ್ತದೆ, ಆಮೇಲೆ ಮಲಗಿದವರು ಅದನ್ನು ಹೊತ್ತುಕೊಂಡು ಏಳುತ್ತಾರೆ. ಮಗಳು ಗಂಡನ ಮನೆಯಿಂದ ಬಂದರೆ ತಾಯಿ ಏನೂ ಕೇಳುವುದಿಲ್ಲ. ಊಟ ಹಾಕಿ, ಮಲಗಿಸಿ, ಮಗಳು ಎದ್ದ ಮೇಲೆ ತಾನು ಅಲ್ಲಿ ಒಂದು ಗಳಿಗೆ ಅಡ್ಡಾಗುತ್ತಾಳೆ. ಗಂಡಹೆಂಡಿರ ಜಗಳ ಹೆಚ್ಚಾದರೆ ಹಿರಿಯರು ಇಬ್ಬರ ಹಾಸಿಗೆ ಅದಲುಬದಲು ಮಾಡಿಸುತ್ತಾರೆ. ಚಾಪೆ ಏನನ್ನೂ ಹಿಡಿಯುವುದಿಲ್ಲ, ಅದಕ್ಕೇ ಚಾಪೆಯ ಮೇಲೆ ಮಲಗುವ ಗಂಡಿಗೆ ಅಲ್ಲಿ ಹೆಣ್ಣು ಕೊಡುವವರಿಲ್ಲ. ಮಹಲಿನಲ್ಲಿ ಒಬ್ಬ ಗಿರಾಕಿ ಹೋದ ಮೇಲೆ ಪಿಂಜಾರರು ಬಂದು ಮಾಳಿಗೆಯ ಮೇಲೆ ಹಾಸಿಗೆ ಬಿಚ್ಚಿ, ಹತ್ತಿ ಹಿಂಜಿ, ಬಿಸಿಲಿಗೆ ಹರವಿ, ಮತ್ತೆ ತುಂಬಿ ಹೊಲಿಯುತ್ತಾರೆ. ಹಗಲಿಡೀ ಮಾಳಿಗೆಯಿಂದ ಹತ್ತಿ ಹಿಂಜುವ ಬಿಲ್ಲಿನ ಸದ್ದು ಬರುತ್ತಿರುತ್ತದೆ.

ಇದೆಲ್ಲ ನನಗೆ ಹೇಳಿದವನು ನನ್ನ ತಮ್ಮ ಅಡಿವೆಪ್ಪ. ಹೊಲಿಗೆ ಯಂತ್ರ ರಿಪೇರಿ ಅವನ ಕೆಲಸ. ಚೀಲದಲ್ಲಿ ಸ್ಕ್ರೂಡ್ರೈವರು, ಎಣ್ಣೆಯ ಡಬ್ಬಿ ಹಾಕಿಕೊಂಡು ಊರೂರು ಸುತ್ತುತ್ತಿದ್ದ. ಆ ಊರಿಗೆ ಹೋದಾಗಲೆಲ್ಲ ಪನ್ನೀರು ಮಹಲಿನಲ್ಲೇ ಇಳಿದುಕೊಳ್ಳುವನು. ಒಮ್ಮೆ ಪಿಂಜಾರರು ಬಾರದ ದಿನ ಯಾರೋ ಮದುಮಗಳ ಅಪ್ಪ ಮಲಗಿ ಎದ್ದ ಹಾಸಿಗೆ ಇವನಿಗೆ ಸಿಕ್ಕು, ದಿನವಿಡೀ ಅಡುಗೆಯವರನ್ನು ಬೈಯಬೇಕು ಅನ್ನಿಸುತ್ತಿತ್ತು ಅಕ್ಕಾ, ಎಂದು ಹೇಳಿ ನಗಿಸಿದ್ದ. ಅವ್ವ ಸತ್ತಾಗ ಅವನು ಇನ್ನೂ ಅಂಬೆಗಾಲಿಡುತ್ತಿದ್ದ. ನಾನೇ ಸಾಕಿದವಳು. ನನಗೆ ಮಕ್ಕಳಿಲ್ಲ. ಇದ್ದಿದ್ದರೂ ಅವನಷ್ಟು ಪ್ರೀತಿ ಅವರ ಮೇಲೆ ಬರುತ್ತಿತ್ತೋ ಇಲ್ಲವೋ.

ಅಡಿವೆಪ್ಪ ಆ ಊರಿನ ಕೆರೆಯಲ್ಲಿ ಸತ್ತ. ಹಿಂದಿನ ದಿನ ಪೇಟೆಯ ದರ್ಜಿಗಳ ಯಂತ್ರ ಸರಿಮಾಡಿಕೊಟ್ಟು, ಮಹಲಿನಲ್ಲಿ ಊಟ ಮಾಡಿ ಮಲಗಿದ್ದ. ಬೆಳಗ್ಗೆ ಎದ್ದು ಕೆರೆಯ ಕಡೆ ಹೋದವನು ಹೆಣವಾಗಿ ಸಿಕ್ಕ. ಕಾಲು ಜಾರಿರಬೇಕು ಎಂದು ಆ ಊರವರು ಹೇಳಿ ಕಳಿಸಿದರು. ನಮ್ಮೂರಿಗೆ ತಂದು ಮಣ್ಣು ಮಾಡಿದೆವು. ಆದರೆ ಅವನಿಗೆ ಈಜು ಬರುತ್ತಿತ್ತು. ಅದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಹಾಗಾಗಿ ಮಣ್ಣು ಆರುವ ಮೊದಲೇ ಮಾತು ಶುರುವಾಯಿತು.

ಮಾತೆಲ್ಲ ಹೋಗಿ ಬಿದ್ದದ್ದು ಅವನ ಹೆಂಡತಿ ಕಸ್ತೂರಿಯ ಮೇಲೆ. ಆ ಊರಿಗೆ ಹೊರಡುವ ದಿನ ಇಬ್ಬರಿಗೂ ಜಗಳವಾಗಿತ್ತು. ಜಗಳವೆಂದರೆ ಏನೂ ಅಲ್ಲ. ಅವಳ ತಂಗಿಗೆ ಗಂಡು ನೋಡಲು ಬರುತ್ತೇನೆ ಎಂದು ಒಪ್ಪಿಕೊಂಡವನು ಮರೆತು ಬಸ್ಸಿನ ಸಮಯ ಕೇಳುತ್ತ ನಿಂತಿದ್ದ. ಅವಳು ಸಿಟ್ಟಿಗೆ, ನೀ ಮನ್ಯಾಗ ಇದ್ದರೆಷ್ಟು ಬಿಟ್ಟರೆಷ್ಟು, ಎಂದಿದ್ದಳು. ಮನೆಮನೆಯಲ್ಲಿ ಹೆಂಗಸರು ದಿನಾ ಆಡುವ ಮಾತು. ಅವನು ನಕ್ಕು ಚೀಲ ಎತ್ತಿಕೊಂಡು ಹೋದವನು ಮತ್ತೆ ಬರಲಿಲ್ಲ. ಅಂದಿನಿಂದ ಕಸ್ತೂರಿ ಖಾನಾವಳಿಯ ಹಿಂದಿನ ಕಟ್ಟೆಯ ಮೇಲೆ ಗೋಡೆ ನೋಡುತ್ತ ಕೂತುಬಿಟ್ಟಳು. ತಟ್ಟೆ ಮುಂದಿಟ್ಟರೆ ಒಂದು ತುತ್ತು ಮುರಿದು ಹಾಗೇ ಹಿಡಿದುಕೊಂಡಿರುತ್ತಿದ್ದಳು. ಮುಂಗೈಯ ಬಳೆ ಮೊಣಕೈತನಕ ಸರಿಯುವಷ್ಟು ಒಣಗಿದ್ದಳು. ಅವಳ ಮೇಲೆ ನನಗೂ ಸಿಟ್ಟಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಸಿಟ್ಟು ಬೇರೆ, ಕಣ್ಣೆದುರು ಒಂದು ಜೀವ ಕರಗುವುದನ್ನು ನೋಡುವುದು ಬೇರೆ.

ಒಂದು ದಿನ ಅವಳೇ ಬಾಯಿ ಬಿಟ್ಟಳು. "ಅಕ್ಕಾ, ಆ ಊರ ಹಾಸಿಗ್ಯಾಗ ಎಲ್ಲಾ ಉಳಿತೈತಿ ಅಂತಿದ್ರಲ್ಲ ಅವರು. ನೀ ಹೋಗಿ ಮಲಗಿ ನೋಡು. ಜಾರಿ ಬಿದ್ರೋ, ತಾವಾಗೇ ಇಳಿದ್ರೋ. ನನ್ನ ಮಾತಿಗೇ ಇಳಿದ್ರೋ. ಏನಿದ್ರೂ ಬಂದು ಖರೇ ಹೇಳು. ಗೊತ್ತಿಲ್ಲದ ನನ್ನ ಕೈಲೆ ಬದುಕಾಕ ಆಗವಲ್ದು." ನೀನೇ ಯಾಕೆ ಹೋಗಬಾರದು ಎಂದದ್ದಕ್ಕೆ, ನನಗೆ ಧೈರ್ಯವಿಲ್ಲ, ಎಂದು ಗೋಡೆಯ ಕಡೆ ತಿರುಗಿದಳು.

ಮಹಲಿನ ಯಜಮಾನ ವಾಮನರಾಯರಿಗೆ ಫೋನು ಮಾಡಿದೆ. ನನ್ನ ತಮ್ಮ ಮಲಗಿದ್ದ ಹಾಸಿಗೆಯೇ ಬೇಕು, ಹಿಂಜಿಸಿಲ್ಲ ತಾನೆ, ಎಂದು ಕೇಳಿದೆ. "ಛೆ ಛೆ, ಹಿಂಜಸ್ತೀವೇನ್ರಿ? ಅದೇ ಹಾಸಗಿ ಹಾಸಿಸ್ತೀನಿ. ನೀವು ಬರೂದರೊಳಗ ಎಲ್ಲಾ ವ್ಯವಸ್ಥಾ ಮಾಡ್ತೀವಿ, ಏನೂ ಕಾಳಜಿ ಮಾಡಬ್ಯಾಡ್ರಿ," ಎಂದರು. ದನಿಯಲ್ಲಿ ಅಷ್ಟೊಂದು ಅಂತಃಕರಣವಿತ್ತು. ದೊಡ್ಡ ಹೋಟೆಲಿನವರು ಇಷ್ಟು ಮರ್ಯಾದಸ್ಥರಿರುತ್ತಾರಲ್ಲ ಎಂದು ನನಗೆ ಸಮಾಧಾನವಾಯಿತು.

ಮಧ್ಯಾಹ್ನ ಹೋಗಿ ಇಳಿದೆ. ವಾಮನರಾಯರು ಕುತ್ತಿಗೆಯವರೆಗೆ ಗುಂಡಿ ಹಾಕಿದ ಕೋಟು ತೊಟ್ಟು ಬಾಗಿಲಿಗೇ ಬಂದು ಕೈಮುಗಿದರು. ಕೃಶವಾದ ಆಳು, ಕಣ್ಣಿನ ಕೆಳಗೆ ಕಪ್ಪು. ನನ್ನ ಚೀಲ ಎತ್ತಿಕೊಂಡು ಮೇಲಿನ ಕೋಣೆಗೆ ತಾವೇ ಕರೆದುಕೊಂಡು ಹೋದರು. ಎತ್ತರದ ಸೂರು, ಹಿತ್ತಾಳೆಯ ಗುಬುಟಿನ ಮಂಚ, ಮಂಚದ ಮೇಲೆ ಬಿಳಿಯ ಚಾದರ. ಕಿಟಕಿಯಿಂದ ಹೂವಿನ ಅಂಗಡಿಗಳು ಕಾಣುತ್ತಿದ್ದವು. ಇಲ್ಲಿ ನನ್ನ ಹುಡುಗ ಮಲಗಿದ್ದ ಎಂದುಕೊಂಡು ದಿಂಬಿನ ಮೇಲೆ ಕೈಯಾಡಿಸಿದೆ. ನಿದ್ದೆ ಬರುವುದಿಲ್ಲವೇನೋ ಎಂದುಕೊಂಡೆ, ಪ್ರಯಾಣದ ದಣಿವಿಗೆ ಬೇಗ ಬಂತು.

ಎದ್ದಾಗ ಕಿಟಕಿಯ ಬಿಸಿಲು ಗೋಡೆಯ ಮೇಲೆ ಏರಿತ್ತು. ಮೈ ಹಗುರಾಗಿತ್ತು. ಅಡಿವೆಪ್ಪ ಹೋದ ಮೇಲೆ ಅಂಥ ನಿದ್ದೆ ನಾನು ಮಾಡಿರಲಿಲ್ಲ. ಕಣ್ಣು ಮುಚ್ಚಿ ಒಳಗೆಲ್ಲ ಹುಡುಕಿದೆ. ಭಯ, ದುಃಖ, ಸಿಟ್ಟು, ಯಾವುದೂ ಇಲ್ಲ. ತಮ್ಮನ ಗುರುತಿಲ್ಲ. ನನ್ನದೇ ಸಂಕಟ ಕೂಡ ಅಷ್ಟೊತ್ತಿಗೆ ಹಾಸಿಗೆಗೆ ಇಳಿದುಬಿಟ್ಟಿತ್ತು. ತೊಳೆದಿಟ್ಟ ಪಾತ್ರೆಯ ಹಾಗೆ ಎದ್ದು ಕೂತಿದ್ದೆ. ಅದು ಅರ್ಥವಾದ ಕೂಡಲೇ ಕೋಪ ನೆತ್ತಿಗೇರಿತು, ದಡದಡ ಮೆಟ್ಟಿಲಿಳಿದು ಹೋದೆ.

"ರಾಯರ, ಯಾವ ಹಾಸಿಗಿ ಹಾಸೀರಿ ನನಗ?"

"ನಿಮ್ಮ ತಮ್ಮನವರದೇರಿ. ಅದೇ ಕೋಣಿ, ಅದೇ ಮಂಚ, ಅದೇ ಹಾಸಗಿ."

"ಸುಳ್ಳು ಹೇಳಬ್ಯಾಡ್ರಿ. ಅದರಾಗ ಏನೂ ಇಲ್ಲ."

ಅವರ ಮುಖ ಅರಳಿತು. "ಏನೂ ಇಲ್ಲೇನ್ರಿ? ಒಂದು ಚೂರೂ?" ಎಂದು ಕೇಳಿದವರೇ ಬಾಗಿಲಿಗೆ ಹೋಗಿ ಎದುರಿನ ಹೂವಿನ ಅಂಗಡಿಯವಳಿಗೆ, "ಹುಸೇನಬೀ, ಪೂರಾ ಹೋಗ್ಯದಂತ," ಎಂದು ಹೇಳಿದರು. ಆಕೆ ಮಾಲೆ ಕಟ್ಟುವುದನ್ನು ನಿಲ್ಲಿಸಿ ಆಕಾಶಕ್ಕೆ ಕೈಯೆತ್ತಿ ಕಣ್ಣಿಗೊತ್ತಿಕೊಂಡಳು.

ನನಗೆ ಏನೊಂದೂ ತಿಳಿಯಲಿಲ್ಲ. ರಾಯರು ಕುರ್ಚಿ ಕೊಟ್ಟು, ಕಾಫಿ ತರಿಸಿ, ನಿಧಾನವಾಗಿ ಹೇಳಿದರು. "ಸತ್ತವರ ಹಾಸಗಿ ನಾವು ಹಿಂಜಸೂದಿಲ್ಲರಿ, ಅದನ್ನ ಬಡೀಬಾರದು. ಓಣಿಯವರು ಒಬ್ಬೊಬ್ಬರೂ ಒಂದೊಂದು ಮಧ್ಯಾಹ್ನ ಬಂದು ಮಲಗಿ, ತಮ್ಮ ಪಾಲಿಂದು ಎತ್ಕೊಂಡು ಹೋಗ್ತಾರ. ಹಂಚಿ ಮಲಗೂದು ಅಂತೀವಿ. ಸಾವಿನ ಮನಿಗೆ ನೀವು ಬುತ್ತಿ ಒಯ್ಯೂದಿಲ್ಲೇನು, ಹಂಗ. ಮನಿಯವರು ಬಂದು ಮಲಗಿದಾಗ ಅದು ಅವರಿಗೆ ಹತ್ತಬಾರದು. ನೀವು ಬರ್ತೀನಿ ಅಂದ್ರಿ, ಅದಕ್ಕ ಎಲ್ಲಾರನೂ ಕರೆದು ಲಗು ಲಗು ಮುಗಿಸಿದ್ವಿ."

"ನನಗ ಅದು ಬೇಕಾಗಿತ್ತು," ಎಂದೆ. "ಅದನ್ನ ತಗೊಂಡು ಹೋಗಾಕ ಬಂದಾಕಿ ನಾ."

"ತಗೊಂಡು ಹೋಗಲಿಕ್ಕೆ?" ಎಂದು ಅವರು ನನ್ನನ್ನೇ ನೋಡಿದರು. ಅಂಥ ಮಾತನ್ನು ಆ ಹೋಟೆಲಿನಲ್ಲಿ ಯಾವ ಗಿರಾಕಿಯೂ ಆಡಿರಲಿಲ್ಲವೆಂದು ಕಾಣುತ್ತದೆ. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ನಿಮಗೆ ಯಾರು ಹೇಳಿದ್ದರು, ನನ್ನ ತಮ್ಮನನ್ನು ಸಂತೆಯ ಬೆಲ್ಲದ ಹಾಗೆ ಹಂಚಲು ನೀವ್ಯಾರು, ನಿಮ್ಮ ಹೋಟೆಲಿಗೆ ಬೆಂಕಿ ಬೀಳಲಿ, ಎಂದೆಲ್ಲ. ರಾಯರು ತಲೆ ತಗ್ಗಿಸಿ ಕೇಳಿಸಿಕೊಂಡರು. ಕೊನೆಗೆ ಯಾರ್ಯಾರು ಮಲಗಿದ್ದರೆಂದು ಕೇಳಿದೆ. ಹುಸೇನಬಿಯ ಹೆಸರು, ಪಕ್ಕದ ಕ್ಷೌರದ ಅಂಗಡಿಯ ಮಲ್ಲೇಶಿಯ ಹೆಸರು ಹೇಳಿ, ಇನ್ನೂ ಒಂದಿಬ್ಬರು ಇದ್ದರು, ಎಂದರು. ಮೊದಲು ಮಲಗಿದವರು ಯಾರೆಂದು ಕೇಳಿದ್ದಕ್ಕೆ, ನೆನಪಿಲ್ಲರಿ, ಎಂದು ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದರು. ಆ ರಾತ್ರಿ ನಾನು ಚಾಪೆ ಕೇಳಿ ಪಡೆದು ನೆಲದ ಮೇಲೆ ಮಲಗಿದೆ.

ಬೆಳಗ್ಗೆ ಹುಸೇನಬಿಯ ಅಂಗಡಿಗೆ ಹೋದೆ. ನಡುವಯಸ್ಸು ದಾಟಿದ ಹೆಂಗಸು, ಬೆರಳೆಲ್ಲ ಹೂವಿನ ಕಲೆ. ನಾನು ಯಾಕೆ ಬಂದೆನೆಂದು ತಿಳಿದಾಗ ಮುಖ ಸಣ್ಣದು ಮಾಡಿಕೊಂಡಳು. "ತಪ್ಪಾತ್ರಿ ಅಕ್ಕಾರ. ನಿಮಗ ಬೇಕಾಗಿತ್ತು ಅಂತ ನಮಗ ಹೆಂಗ ಗೊತ್ತಾಗಬೇಕು? ದುಃಖ ಬೇಕು ಅಂತ ಯಾರ ಕೇಳತಾರ?" ಎಂದಳು. ಆಮೇಲೆ ಮಲ್ಲಿಗೆಯ ಬುಟ್ಟಿ ಬದಿಗೆ ಸರಿಸಿ ನನ್ನನ್ನು ಕೂರಿಸಿಕೊಂಡಳು. "ನನ್ನ ಪಾಲಿಗೆ ಬಂದಿದ್ದು ಹಸಿವ್ರಿ. ಎದ್ದ ಕೂಡಲೇ ಒಗ್ಗರಣಿ ಹಾಕಿದ ಚುರಮುರಿ ತಿನಬೇಕು ಅನಿಸ್ತು. ಅದರ ಸಂಗಾಟ ಹಸಿ ಮೆಣಸಿನಕಾಯಿ, ಉಪ್ಪು ಹಚ್ಚಿ, ಕಡಕ್ ಅಂತ ಕಡಕೊಂಡು. ನಾ ಜನ್ಮದಾಗ ಹಸಿ ಮೆಣಸಿನಕಾಯಿ ಮುಟ್ಟಿದಾಕಿ ಅಲ್ಲ."

ಅದು ಅಡಿವೆಪ್ಪನೇ. ಚಿಕ್ಕಂದಿನಲ್ಲಿ ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಮೆಣಸಿನಕಾಯಿ ಬಿಡದೆ ಕಡಿಯುತ್ತಿದ್ದ ಹುಡುಗ. ಬೀದಿಯಲ್ಲಿ ಕೂತು ಅತ್ತೆ. ಹುಸೇನಬಿ ಸುಮ್ಮನೆ ನನ್ನ ಬೆನ್ನು ಸವರಿದಳು. ನೀವು ನಿನ್ನೆ ಮಲಗಿ ಎದ್ದ ಹಾಸಿಗೆಯಲ್ಲಿ ಇವತ್ತು ಮಧ್ಯಾಹ್ನ ನಾನು ಮಲಗುತ್ತೇನೆ, ನಿಮ್ಮ ಸಂಕಟವೂ ಭಾರವಾಗಿರುತ್ತದೆ, ಎಂದಳು. ನಾನು ಬೈದ ಜನ ಇವರು. ನಾಚಿಕೆಯಾಯಿತು.

ಮಲ್ಲೇಶಿ ಯಾರದೋ ಗಡ್ಡಕ್ಕೆ ಸೋಪು ಹಚ್ಚುತ್ತಿದ್ದವನು ಕೈಬಿಟ್ಟು ಹೊರಗೆ ಬಂದ. "ನನಗೇನು ಭಾಳ ಬರಲಿಲ್ರಿ. ಬಲಗೈ ಹೆಬ್ಬೆಟ್ಟು ನೋಯ್ತಿತ್ತು, ಸ್ಕ್ರೂ ತಿರುವಿ ತಿರುವಿ ನೋಯ್ತೈತಲ್ಲ, ಹಂಗ. ಮತ್ತ ಒಂದು ಧಾಟಿ. ಪದ ಗೊತ್ತಿಲ್ಲ," ಎಂದು ಬಾಯಿ ಮುಚ್ಚಿಕೊಂಡೇ ಗುನುಗಿದ. ನಮ್ಮವ್ವ ಬೀಸುವ ಕಲ್ಲಿನ ಮುಂದೆ ಹಾಡುತ್ತಿದ್ದದ್ದು. ಅವ್ವನ ಮುಖ ನೆನಪಿಲ್ಲದ ಅಡಿವೆಪ್ಪನಿಗೆ ಆ ಧಾಟಿಯನ್ನು ನಾನೇ ಕಲಿಸಿದ್ದೆ.

ಅಲ್ಲಿಂದ ಕೆರೆಗೆ ಹೋದೆ. ಮೆಟ್ಟಿಲ ತುಂಬ ಹಸಿರು ಪಾಚಿ, ಬಟ್ಟೆ ಒಗೆಯುವ ಹೆಂಗಸರು ಗೋಡೆ ಹಿಡಿದು ಇಳಿಯುತ್ತಿದ್ದರು. ಕೆಳಗೆ ನೀರಿನೊಳಗೆ ಚೂಪಾದ ಕಲ್ಲುಗಳಿದ್ದವು. ತಲೆಗೆ ಪೆಟ್ಟು ಬಿದ್ದರೆ ಈಜು ಬಂದರೇನು, ಬಾರದಿದ್ದರೇನು. ಚುರಮುರಿ ಬೇಕು, ಮೆಣಸಿನಕಾಯಿ ಬೇಕು ಎನ್ನುವವನು, ಹಾಡು ಗುನುಗುವವನು ಸಾಯಲು ಹೋಗುತ್ತಾನೆಯೇ? ಜಾರಿದ್ದಾನೆ, ಅಷ್ಟೇ. ಎದೆಯ ಮೇಲಿನ ಬಂಡೆ ಸರಿದ ಹಾಗಾಯಿತು. ಕಸ್ತೂರಿಗೆ ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಸಂಜೆಯ ಬಸ್ಸಿಗೆ ಹೊರಡುವುದೆಂದು ಚೀಲ ಕಟ್ಟಿದೆ.

ಹೋಗುವ ಮೊದಲು ರಾಯರಿಗೆ ಒಂದು ಮಾತು ಹೇಳಬೇಕಿತ್ತು. ಅಷ್ಟು ಬೈದು ಹಾಗೇ ಹೋಗುವುದು ಸರಿಯಲ್ಲ. ಅವರು ಊಟಕ್ಕೆ ಮನೆಗೆ ಹೋಗಿದ್ದರು. ಮನೆ ಮಹಲಿನ ಹಿಂದೆಯೇ. ಹಿತ್ತಲ ಬಾಗಿಲಿನಿಂದ ಹೋದೆ. ಅಂಗಳದಲ್ಲಿ ಬಾವಿಯಿತ್ತು. ಅದರ ಬಾಯಿಗೆ ಹಲಗೆಗಳನ್ನು ಅಡ್ಡಹಾಕಿ, ಮೇಲೆ ಒರಳುಕಲ್ಲು ಹೇರಿದ್ದರು. ಬಾವಿಯ ಪಕ್ಕದಲ್ಲೇ ಬೇರೆ ಬೇರೆ ಮನೆಗಳ ಕೊಡಗಳಲ್ಲಿ ನೀರು ತಂದಿಟ್ಟಿತ್ತು. ರಾಯರ ಹೆಂಡತಿ ಪದ್ಮಾಬಾಯಿ ತುಳಸಿಯ ಹತ್ತಿರ ಕೂತು ಬೇಳೆ ಆರಿಸುತ್ತಿದ್ದರು. ನನ್ನನ್ನು ನೋಡಿ ಎದ್ದು ನಿಂತರು.

"ಬಾವಿ ನೀರು ಕೆಟ್ಟಾವೇನ್ರಿ?" ಎಂದು ಕೇಳಿದೆ, ಮಾತಿಗೆ ಏನಾದರೂ ಬೇಕಲ್ಲ ಎಂದು.

"ಇಲ್ಲರಿ. ನೀರು ಛಲೋ ಅವ," ಎಂದರು. ಆಮೇಲೆ ಒಳಗಿನ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, "ಇವರು ಬಾವಿ ಕಟ್ಟಿ ಮ್ಯಾಲೆ ಹೋಗಿ ಕೂಡಲಿಕ್ಕೆ ಹತ್ತಿದ್ರು. ಕರೆದ್ರೂ ಓ ಅಂತಿದ್ದಿಲ್ಲ. ಅದಕ್ಕ ಮುಚ್ಚಿಸೀನಿ," ಎಂದರು.

"ಯಾವಾಗಿಂದ?"

ಆಕೆ ಮೊರದ ಬೇಳೆಯನ್ನು ಕೈಯಿಂದ ಆಚೀಚೆ ಸರಿಸುತ್ತ ನಿಂತರು. ನನಗೆ ಕೇಳಬೇಕಾಗಿಯೂ ಇರಲಿಲ್ಲ. ಮೊದಲು ಮಲಗಿದವರು ಯಾರೆಂಬುದು, ಹುಸೇನಬಿಗೂ ಮಲ್ಲೇಶಿಗೂ ಬರೀ ಚಿಲ್ಲರೆ ಸಿಕ್ಕಿದ್ದು ಯಾಕೆಂಬುದು, ಜೋಡಿಸಿಟ್ಟುಕೊಂಡ ನನ್ನ ಮಾತು ಯಾವುದಕ್ಕೂ ಬಾರದೆಂಬುದು, ಎಲ್ಲ ಒಟ್ಟಿಗೆ ತಿಳಿಯಿತು. ಅಲ್ಲೇ ತುಳಸಿಕಟ್ಟೆಯ ಮೇಲೆ ಕೂತೆ. ನನ್ನ ತಮ್ಮ ಜಾರಿರಲಿಲ್ಲ.

ರಾಯರು ಹೊರಗೆ ಬಂದರು. ಕೋಟು ತೆಗೆದಿದ್ದರು, ಬನಿಯನ್ನಿನಲ್ಲಿ ಇನ್ನೂ ಸಣಕಲಾಗಿ ಕಂಡರು. ಹೆಂಡತಿಯನ್ನು ಒಮ್ಮೆ ನೋಡಿ, ನನ್ನೆದುರು ನೆಲದ ಮೇಲೆ ಕೂತರು.

"ಮೊದಲಿನ ಪಾಲು ಮಹಲಿನ ಯಜಮಾನಂದರಿ. ನಮ್ಮ ತಂದಿ ಕಾಲದಿಂದ ಹಂಗ ಅದ. ಯಾವಾಗಲೂ ಒಂದು ನಾಕು ದಿನ ಅಳು ಬರ್ತದ, ಊಟ ಸೇರೂದಿಲ್ಲ, ಆಮ್ಯಾಲೆ ಇಳೀತದ. ಇದು ಇಳೀಲಿಲ್ಲ. ಹಗಲು ಒಂದೀಟು ಹಗುರನಿಸ್ತದ. ರಾತ್ರಿ ನನ್ನ ಹಾಸಗಿ ಮ್ಯಾಲೆ ಮಲಗಿದ ಕೂಡಲೇ ಮತ್ತ ನನಗೇ ಬಂದು ಕೂಡತದ."

"ಚಾಪಿ ಮ್ಯಾಲೆ ಮಲಗ್ರಿ ಅಂತೀನಿ, ಕೇಳೂದಿಲ್ಲ," ಎಂದರು ಪದ್ಮಾಬಾಯಿ. "ಹಾಸಗಿ ಖಾಲಿ ಬಿಟ್ರ ನಾ ಎಲ್ಲೆ ಅದರಾಗ ಮಲಗ್ತೀನೋ ಅಂತ ಅಂಜಿಕಿ. ಮಕ್ಕಳಿಗೆ ಒಬ್ಬರರೆ ಇರಬೇಕಲ್ಲ ಅಂತಾರ."

"ಯಾಕ ಮಾಡಿಕೊಂಡ, ರಾಯರ? ಯಾರ ಮಾತಿಗೆ?" ಎಂದು ಕೇಳಿದೆ.

"ಅದು ಬಾಯಿಲೆ ಹೇಳಲಿಕ್ಕೆ ಬರೂದಿಲ್ಲರಿ."

"ಹಂಗಾದ್ರ ನನಗ ಕೊಡ್ರಿ."

ಅವರು ಆಗುವುದಿಲ್ಲವೆಂದರು. ಗಿರಾಕಿಗೆ ಅಂಥದ್ದನ್ನು ಕೊಟ್ಟು ಕಳಿಸಿದರೆ ಮಹಲಿನ ಹೆಸರು ಉಳಿಯುವುದೇ, ತಂದೆಗೆ ಏನು ಹೇಳಲಿ, ಎಂದರು. ಅವರ ತಂದೆ ಸತ್ತು ಎಷ್ಟೋ ವರ್ಷವಾಗಿತ್ತು. ನಾನು ವಾದಿಸಿದೆ. ವಾದಕ್ಕೆ ಅವರು ಜಗ್ಗಲಿಲ್ಲ, ಹೆಂಡತಿಯ ಮಾತಿಗೆ ಜಗ್ಗಿದರು. "ಎತ್ತಿ ಆಡಿಸಿದ ಅಕ್ಕ ಅದಾರ ಅವರು. ಅವರದು ಅವರಿಗೆ ಕೊಡ್ರಿ," ಎಂದರು ಆಕೆ. ಹಾಗೆನ್ನುವಾಗ ಆಕೆಯ ಕಣ್ಣಲ್ಲಿ ಆಸೆಯಿತ್ತು, ಗಂಡ ಮರಳಿ ಸಿಗುತ್ತಾನೆಂಬ ಆಸೆ. ಅದನ್ನು ನನ್ನಿಂದ ಮುಚ್ಚಿಡಲು ಆಕೆ ಹೋಗಲಿಲ್ಲ. ಅದಕ್ಕೇ ನನಗೆ ಆಕೆ ಹಿಡಿಸಿದರು.

ರಾಯರು ಒಳಗೆ ಹೋಗಿ ಮಲಗಿದರು. ನಾವಿಬ್ಬರೂ ಹೊರಗೆ ಕೂತು ಬೇಳೆ ಆರಿಸಿದೆವು. ಮಾಳಿಗೆಯಿಂದ ಪಿಂಜಾರರ ಬಿಲ್ಲಿನ ಸದ್ದು ಬರುತ್ತಿತ್ತು. ಬೇಳೆ ಮುಗಿಯುವ ಹೊತ್ತಿಗೆ ಅವರು ಎದ್ದು ಬಂದು, ನನ್ನ ಮುಖ ನೋಡದೆ, ಬಾಗಿಲಿನಿಂದ ಸರಿದು ನಿಂತರು. ಹಾಸಿಗೆ ಇನ್ನೂ ಬೆಚ್ಚಗಿತ್ತು. ಪರಪುರುಷನ ಹಾಸಿಗೆ, ನಮ್ಮೂರಿನಲ್ಲಿ ತಿಳಿದರೆ ಏನೆಂದಾರು ಎಂದು ಒಂದು ಸಲ ಅನ್ನಿಸಿತು. ಆಮೇಲೆ ಸೆರಗು ಮುಖದ ಮೇಲೆಳೆದುಕೊಂಡು ಮಲಗಿದೆ.

ಎದ್ದಾಗ ಅದು ನನ್ನಲ್ಲಿತ್ತು. ಗುರುತು ಹಿಡಿಯಲು ಹೊತ್ತು ಬೇಕಾಗಲಿಲ್ಲ. ನಾನು ಅಳು ಬರುತ್ತದೆಂದುಕೊಂಡಿದ್ದೆ, ಸಿಟ್ಟು, ಅವಮಾನ ಇರುತ್ತದೆಂದುಕೊಂಡಿದ್ದೆ. ಅವು ಯಾವುವೂ ಇರಲಿಲ್ಲ. ದಣಿವಿತ್ತು. ಕೆಲಸದ ದಣಿವಲ್ಲ, ಎದ್ದರೂ ಕೂತರೂ ಒಂದೇ ಎನ್ನುವ ದಣಿವು. ಕೆರೆಯ ನೀರು ನೆನಪಿಗೆ ಬರುತ್ತಿತ್ತು, ಅಲ್ಲಿಗೆ ಹೋದರೆ ಚೀಲ ಕೆಳಗಿಟ್ಟ ಹಾಗಾಗುತ್ತದೆ ಎನ್ನಿಸುತ್ತಿತ್ತು, ಅಷ್ಟೇ. ಅದರೊಳಗೆ ಕಸ್ತೂರಿಯನ್ನು ಹುಡುಕಿದೆ. ಜಗಳವಿರಲಿಲ್ಲ, ಅವಳ ಮಾತಿರಲಿಲ್ಲ. ಅವಳೂ ಇರಲಿಲ್ಲ. ನನ್ನನ್ನು ಹುಡುಕಿದೆ. ಅವ್ವನ ಬದಲು ಅವ್ವನಾಗಿ, ನನ್ನ ಬಾಯಿಯ ತುತ್ತು ಕೊಟ್ಟು ಬೆಳೆಸಿದ ನಾನು ಅಲ್ಲೆಲ್ಲೂ ಇರಲಿಲ್ಲ. ಯಾವ ಮೂಲೆಯಲ್ಲೂ ಒಬ್ಬ ಮನುಷ್ಯನ ಮುಖವಿರಲಿಲ್ಲ. ಯಾರ ಮಾತಿಗೆ ಸತ್ತ, ಯಾರ ತಪ್ಪಿಗೆ ಸತ್ತ ಎಂದು ನಾವು ಇಷ್ಟು ದಿನ ಬಡಿದಾಡಿದೆವಲ್ಲ, ಸಾಯುವಾಗ ಅವನಿಗೆ ನಾವ್ಯಾರೂ ನೆನಪೇ ಇರಲಿಲ್ಲ. ದುಃಖಕ್ಕಿಂತ ಮೊದಲು ನನಗೆ ಹೊಟ್ಟೆ ಉರಿಯಿತು. ಆಮೇಲೆ ಅವನ ಮೇಲೆ ಕನಿಕರ ಬಂತು, ಅಷ್ಟು ದೊಡ್ಡ ಬಯಲಿನಲ್ಲಿ ಒಬ್ಬನೇ ಎಷ್ಟು ದಿನ ನಡೆದಿದ್ದನೋ, ಮೆಣಸಿನಕಾಯಿ ಕಡಿಯುತ್ತ, ನಮ್ಮನ್ನು ನಗಿಸುತ್ತ.

ಹೊರಗೆ ಬಂದಾಗ ರಾಯರು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಊಟ ಮಾಡುತ್ತಿದ್ದರು. ಎರಡನೆಯ ಸಲ ಅನ್ನ ಕೇಳಿದರು. ಪದ್ಮಾಬಾಯಿ ಬಡಿಸುತ್ತ ಕಣ್ಣೊರೆಸಿಕೊಳ್ಳುತ್ತಿದ್ದರು. ಕೈತೊಳೆದು ಬಂದು ಇಬ್ಬರೂ ನನ್ನನ್ನು ಬೇಡಿಕೊಂಡರು. "ಒಂದು ರಾತ್ರಿ ಮಹಲಿನ್ಯಾಗ ಮಲಗಿ ಹೋಗ್ರಿ," ಎಂದರು ಪದ್ಮಾಬಾಯಿ. "ಇಲ್ಲೇ ಇಳಿಸಿ ಹೋಗ್ರಿ. ಈ ಸಲ ಗೊತ್ತಿದ್ದೇ ಹಂಚಕೋತೀವಿ, ಓಣಿಗೆ ಓಣೀನ ಕರೀತೀವಿ. ನಿಮ್ಮೂರ ಹಾಸಗಿ ಏನನೂ ಇಳಿಸ್ಕೋಳೂದಿಲ್ಲಂತ, ಅದನ್ನ ತಗೊಂಡು ಎಲ್ಲೆ ಇಡ್ತೀರಿ ನೀವು?"

ಎಲ್ಲಿ ಇಡುತ್ತೇನೆಂದು ನನಗೂ ಗೊತ್ತಿರಲಿಲ್ಲ. ಹುಸೇನಬಿಯನ್ನು, ಮಲ್ಲೇಶಿಯನ್ನು ನೆನೆದೆ. ಅವರ ಹಿತ್ತಲಲ್ಲೂ ಬಾವಿಗಳಿರುತ್ತವೆ. "ಸಾಕ್ರಿ, ನೀವು ಹೊತ್ತದ್ದು ಸಾಕು. ಇದು ನಮ್ಮ ಮನೀದು," ಎಂದೆ. ರಾಯರು ಮತ್ತೆ ಕೋಟು ಹಾಕಿಕೊಂಡು ಬಸ್ಸಿನವರೆಗೆ ಚೀಲ ಹೊತ್ತರು. ದಾರಿಯಲ್ಲಿ, ನಮ್ಮ ರೊಟ್ಟಿ ನಿಮಗೆ ಸೇರಲಿಲ್ಲವಂತೆ, ಅಡುಗೆಯವರು ಹೇಳಿದರು, ಕ್ಷಮಿಸಿ, ಎಂದರು. ಹೆಂಚು ಕಾಯುವ ಮೊದಲೇ ಹಾಕುತ್ತಾರೆ, ಅದಕ್ಕೇ ಹಾಗಾಗುತ್ತದೆ, ಎಂದು ಹೇಳಿದೆ. ಬಸ್ಸು ಕೆರೆಯ ಏರಿಯ ಮೇಲೆಯೇ ಹೋಗುತ್ತದೆ. ನೀರು ಕಾಣುವಷ್ಟು ಹೊತ್ತು ನಾನು ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದೆ, ಬಿಟ್ಟರೆ ಇಳಿದುಬಿಡುತ್ತೇನೆಂದು ಹೆದರಿ.

ಮನೆಗೆ ಬಂದು ಒಲೆ ಹಚ್ಚಿದೆ. ಊಟಕ್ಕೆ ಜನ ಬರುವ ಹೊತ್ತಾಗಿತ್ತು, ಹಿಟ್ಟು ನಾದಲು ಕೂತೆ. ಕಸ್ತೂರಿ ಕಟ್ಟೆಯಿಂದ ಎದ್ದು ಬಂದು ನನ್ನೆದುರು ಕುಕ್ಕರಗಾಲಿನಲ್ಲಿ ಕೂತಳು. ನಾನು ಕಾಲು ತೊಳೆಯುವುದನ್ನೂ ಕಾಯದೆ ಕೇಳುತ್ತಾಳೆಂದುಕೊಂಡಿದ್ದೆ. ಅವಳು ಸುಮ್ಮನೆ ನನ್ನ ಕೈ ನೋಡುತ್ತಿದ್ದಳು.

"ಜಾರಿಲ್ಲ," ಎಂದೆ. "ತಾನೇ ಇಳಿದಾನ."

ಅವಳು ತಲೆಯಾಡಿಸಿದಳು. ಅದು ಅವಳಿಗೆ ಮೊದಲೇ ಗೊತ್ತಿತ್ತು.

"ಆದ್ರ ನಿನ್ನ ಮಾತಿಗೆ ಅಲ್ಲ. ನಿನ್ನ ಮಾತು ಅದರಾಗ ಇರಲಿಲ್ಲ ಕಸ್ತೂರಿ. ಜಗಳನೂ ಇರಲಿಲ್ಲ. ಖರೇ ಹೇಳಾಕತ್ತೀನಿ, ಅವನಾಣಿ."

ಅವಳು ಬಹಳ ಹೊತ್ತು ನನ್ನ ಮುಖ ನೋಡಿದಳು. ಸುಳ್ಳಲ್ಲವೆಂದು ಖಾತ್ರಿಯಾದ ಮೇಲೆ ಅವಳ ಭುಜ ಕೆಳಗಿಳಿಯಿತು. ಅಳು ಬಂತು. ಗಂಡ ಸತ್ತ ಮೇಲೆ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಳಲಿ ಎಂದು ಬಿಟ್ಟೆ, ಅವಳ ಬೆನ್ನ ಮೇಲೆ ಹಿಟ್ಟಿನ ಕೈಯಿಟ್ಟೆ. ಅತ್ತು ಮುಗಿಸಿ, ಸೆರಗಿನಿಂದ ಮೂಗೊರೆಸಿಕೊಂಡು, ಒಲೆಯ ಬೆಂಕಿ ನೋಡುತ್ತ ಕೂತವಳು ಸ್ವಲ್ಪ ಹೊತ್ತಿನ ಮೇಲೆ ಸಣ್ಣ ದನಿಯಲ್ಲಿ ಕೇಳಿದಳು.

"ಮತ್ತ ನಾ? ನಾ ಇದ್ನೇನ ಅಕ್ಕಾ, ಅದರಾಗ?"

ಹೆಂಚು ಕಾದಿತ್ತು. ನಾನು ರೊಟ್ಟಿ ಎತ್ತಿ ಹಾಕಿ, ಮೇಲೆ ನೀರು ಸವರಿದೆ.

"ಇದ್ದಿ," ಎಂದೆ. "ಹಸಿರು ಸೀರಿ ಉಟ್ಟಿದ್ದಿ."

"ಯಾವ ಹಸಿರು? ಅಂಚಿನದೋ, ಹೂವಿಂದೋ?"

"ಹೂವಿಂದು."

ಅವಳು ಹೌದೆಂಬಂತೆ ತಲೆಯಾಡಿಸಿದಳು. ಆಮೇಲೆ ಎದ್ದು ಹೋಗಿ ತಟ್ಟೆ ತಂದು ನನ್ನ ಮುಂದೆ ಹಿಡಿದಳು. ನಾನು ರೊಟ್ಟಿ ಹಾಕಿದೆ.